ಸಂತತಿ ಇಲ್ಲದವಳಿಗೆ ವಾರಸುದಾರರು ಯಾರು?

ಹಿರಿಯರನ್ನು ನೆನೆಯುವುದು ಮನುಷ್ಯನ ಸಹಜ ಆಸೆ. ನಮ್ಮ ಮನೆಗಳಲ್ಲಿ ವಂಶಾವಳಿಗೆ 'ಶಜರಾ' ಎನ್ನುತ್ತೇವೆ. ಆ ಪದಕ್ಕೆ ಮರವೆಂದೇ ಅರ್ಥ. ಬೇರು ಎಷ್ಟು ಆಳವೋ ಅಷ್ಟು ಹೆಮ್ಮೆ. ಹಾಗಿರುವಾಗ ಜರ್ಮನಿ, ಸ್ಕ್ಯಾಂಡಿನೇವಿಯಾ, ಐಸ್‌ಲ್ಯಾಂಡ್‌ಗಳಲ್ಲಿ ಕೆಲವರು ಕ್ರೈಸ್ತಧರ್ಮ ಬರುವ ಮೊದಲು ತಮ್ಮ ಪೂರ್ವಜರು ಪೂಜಿಸುತ್ತಿದ್ದ ಓಡಿನ್, ಥೋರ್ ಮುಂತಾದ ದೇವತೆಗಳ ಕಡೆಗೆ ಮರಳಿ ಹೊರಟರೆ ನಾವು ನಗಬೇಕಾಗಿಲ್ಲ. ಆದರೆ ಒಂದು ಪ್ರಶ್ನೆಯನ್ನು ಕೇಳಲೇಬೇಕು. ಹಿರಿಯರಿಂದ ನಮಗೆ ಬರುವುದೇನು? ಅವರ ರಕ್ತವೇ, ಅವರು ಉಂಡ ಗಾಯವೇ, ಅವರು ಮಾಡಿದ ತಪ್ಪೇ?

ಗಾಯವಂತೂ ಸುಳ್ಳಲ್ಲ. ಕ್ರಿ.ಶ. 772ರಲ್ಲಿ ಫ್ರಾಂಕರ ದೊರೆ ಶಾರ್ಲ್‌ಮೇನ್, ಸ್ಯಾಕ್ಸನ್ ಜನರ ಪವಿತ್ರ ಸ್ತಂಭವಾದ ಇರ್ಮಿನ್‌ಸುಲ್ ಅನ್ನು ಕೆಡವಿಸಿದ. ಹತ್ತು ವರ್ಷಗಳ ನಂತರ ವೆರ್ಡೆನ್‌ನಲ್ಲಿ 4,500 ಸ್ಯಾಕ್ಸನ್ನರ ತಲೆ ಕಡಿಸಿದನೆಂದು ಫ್ರಾಂಕರ ಆಸ್ಥಾನದ ದಾಖಲೆಯೇ ಹೇಳುತ್ತದೆ. ಸಂಖ್ಯೆಯನ್ನು ಅನುಮಾನಿಸುವ ಇತಿಹಾಸಕಾರರಿದ್ದಾರೆ. ಆದರೆ ದೀಕ್ಷಾಸ್ನಾನ ನಿರಾಕರಿಸಿದವರಿಗೆ ಮರಣದಂಡನೆ ಎಂಬ ಅವನ ಶಾಸನ ಇಂದಿಗೂ ಉಳಿದಿದೆ. ಕತ್ತಿ ತೋರಿಸಿ ಒಪ್ಪಿಸಿದ ನಂಬಿಕೆ ನಂಬಿಕೆಯಲ್ಲ, ಕತ್ತಿ ಯಾರದ್ದಾದರೂ ಸರಿ.

ಸಾವಿರದ ನೂರೈವತ್ತು ವರ್ಷಗಳು ಕಳೆದ ಮೇಲೆ ಆ ಗಾಯಕ್ಕೊಬ್ಬ ವಾರಸುದಾರ ಹುಟ್ಟಿಕೊಂಡ. ನಾಜಿಗಳ ಎಸ್.ಎಸ್. ಪಡೆಯ ಮುಖ್ಯಸ್ಥ ಹಿಮ್ಲರ್, 1930ರ ದಶಕದಲ್ಲಿ ವೆರ್ಡೆನ್‌ನಲ್ಲಿ 4,500 ಕಲ್ಲುಗಳನ್ನು ನಿಲ್ಲಿಸಿದ. ಸತ್ತ ಒಬ್ಬೊಬ್ಬನಿಗೂ ಒಂದೊಂದು ಕಲ್ಲು. ನೋಡುವವರಿಗೆ ಅದು ಶ್ರದ್ಧಾಂಜಲಿ. 'ಪೂರ್ವಜರ ಆಸ್ತಿ' ಎಂಬ ಅರ್ಥದ 'ಆನೆನ್‌ಎರ್ಬೆ' ಸಂಸ್ಥೆಯನ್ನು ಅವನು ಕಟ್ಟಿದ್ದು 1935ರಲ್ಲಿ. ಅಜ್ಜ ಅಜ್ಜಿಯರ ಲೆಕ್ಕ ಹಿಡಿದು ಯಹೂದಿಗಳ ಪೌರತ್ವ ಕಿತ್ತುಕೊಂಡ ನ್ಯೂರೆಂಬರ್ಗ್ ಕಾನೂನುಗಳು ಬಂದದ್ದೂ ಅದೇ ವರ್ಷ. ಹಳೆಯ ಹೆಣಗಳಿಗಾಗಿ ಅತ್ತವನು ಹೊಸ ಹೆಣಗಳನ್ನು ಉರುಳಿಸಿದ.

ಹಾಗೆಂದು ಹಿರಿಯರ ನೆನಪೆಲ್ಲ ವಿಷವೇನಲ್ಲ. ಐಸ್‌ಲ್ಯಾಂಡಿನಲ್ಲಿ 1972ರಲ್ಲಿ ಸ್ವೇನ್‌ಬ್ಯೋರ್ನ್ ಬೇಯಿನ್‌ಟೇಯಿನ್‌ಸನ್ ಎಂಬ ರೈತ ಕವಿ ಕೆಲವು ಸಂಗಡಿಗರೊಂದಿಗೆ ಹಳೆಯ ನಂಬಿಕೆಯ ಸಂಘವೊಂದನ್ನು ಕಟ್ಟಿದ. ಮರುವರ್ಷ ಸರಕಾರದ ಮಾನ್ಯತೆಯೂ ಸಿಕ್ಕಿತು. ಸೇರಬಯಸುವವರ ಕುಲವನ್ನು ಆ ಸಂಘ ಕೇಳುವುದಿಲ್ಲ. ಜನಾಂಗದ್ವೇಷಕ್ಕೆ ತನ್ನ ದೇವತೆಗಳನ್ನು ಬಳಸುವವರನ್ನು ಬಹಿರಂಗವಾಗಿ ದೂರವಿಟ್ಟಿದೆ. ಆ ದೇವತೆಗಳ ಕಥೆಗಳು ನಮ್ಮವರೆಗೆ ಬಂದದ್ದರಲ್ಲಿ, 13ನೇ ಶತಮಾನದಲ್ಲಿ ಅವನ್ನು ಬರೆದಿಟ್ಟ ಸ್ನೋರಿ ಸ್ಟುರ್ಲುಸನ್‌ನ ಪಾಲು ದೊಡ್ಡದು. ಅವನು ಕ್ರೈಸ್ತ. ಬೇರೆ ನಂಬಿಕೆಯವನು ಕಾಪಾಡಿಕೊಟ್ಟ ಗಂಟಿನ ಮೇಲೆ ಶುದ್ಧ ರಕ್ತದ ಮುದ್ರೆ ಒತ್ತಲು ಸಾಧ್ಯವೇ?

ತಪ್ಪಿನ ಮಾತು ಇನ್ನೂ ಉಳಿದಿದೆ. 921ರಲ್ಲಿ ಬಗ್ದಾದಿನ ಖಲೀಫರ ನಿಯೋಗದೊಂದಿಗೆ ಹೊರಟ ಇಬ್ನ್ ಫದ್ಲಾನ್, ಮರುವರ್ಷ ವೋಲ್ಗಾ ನದಿಯ ದಡದಲ್ಲಿ 'ರೂಸ್' ವರ್ತಕರನ್ನು ಕಂಡ. ಇವರು ಸ್ಕ್ಯಾಂಡಿನೇವಿಯಾ ಮೂಲದವರೆಂದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಅವರ ಸತ್ತ ನಾಯಕನನ್ನು ಹಡಗಿನಲ್ಲಿಟ್ಟು ಸುಡುವಾಗ ಅವನ ದಾಸಿಯೊಬ್ಬಳನ್ನೂ ಕೊಂದರು. ಅವಳ ಚೀರಾಟ ಉಳಿದ ದಾಸಿಯರ ಕಿವಿಗೆ ಬೀಳದಿರಲೆಂದು ಗಂಡಸರು ಗುರಾಣಿಗಳನ್ನು ಬಡಿಯುತ್ತಿದ್ದರು ಎಂದು ಅವನು ಬರೆದಿದ್ದಾನೆ. ಅವಳ ಹೆಸರನ್ನು ಬರೆದಿಲ್ಲ. ರೂಸ್ ವರ್ತಕರು ಆ ದಡಕ್ಕೆ ದಾಸಿಯರನ್ನು ಮಾರಲು ತಂದಿದ್ದರು, ಮತ್ತು ಅವರಿಗೆ ಪ್ರಿಯವಾಗಿದ್ದದ್ದು ಮುಸ್ಲಿಂ ನಾಡುಗಳ ಬೆಳ್ಳಿ ದಿರ್ಹಮ್. ಆದ್ದರಿಂದ ಇದು ಅವರ ಹಿರಿಯರ ಪಾಪ ಮಾತ್ರ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ.

ಶಜರಾ ಎಂದರೆ ಬದುಕುಳಿದವರ ಪಟ್ಟಿ. ಆ ದಾಸಿಗೆ ಶಜರಾ ಇಲ್ಲ. ಅವಳು ನಮ್ಮ ಅಜ್ಜಿ ಎಂದು ಹೆಮ್ಮೆಪಡಲು ಇಂದು ಯಾರೂ ಇಲ್ಲ. ರಕ್ತವೊಂದೇ ವಾರಸಿಕೆಯಾದರೆ ಅವಳನ್ನು ನೆನೆಯುವವರು ಯಾರು? ಹಿರಿಯರ ಮರದ ನೆರಳಲ್ಲಿ ಕೂರುವ ಹಕ್ಕು ಎಲ್ಲರಿಗೂ ಇದೆ. ಅದರ ಬುಡದಲ್ಲಿ ಯಾರನ್ನು ಹೂಳಲಾಗಿದೆ ಎಂದು ಕೇಳುವ ಹೊಣೆಯೂ ಆ ಹಕ್ಕಿನ ಜೊತೆಗೇ ಬರುತ್ತದೆ. ಅವರನ್ನು ನೆನೆಯಲು ರಕ್ತಸಂಬಂಧ ಬೇಕಿಲ್ಲ. ಗುರಾಣಿಗಳ ಸದ್ದು ನಿಂತ ಮೇಲೆ ಕಿವಿಗೊಡುವ ಮನಸ್ಸಿದ್ದರೆ ಸಾಕು.