ಮಕ್ಕಳು ಕೇಳುವುದಿಲ್ಲ, ನೋಡುತ್ತಾರೆ

ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನಲ್ಲಿ ಆದಿತ್ಯನಗರವೆಂಬ ಸಿಮೆಂಟ್ ಕಾರ್ಖಾನೆಯ ಬಡಾವಣೆಯಿದೆ. ಅಲ್ಲಿಂದ ವಾಡಿ, ಚಿತ್ತಾಪುರ, ಶಹಾಬಾದಿನವರೆಗೂ ನೆಲದಡಿ ಸುಣ್ಣಕಲ್ಲು ಹಾಸಿಕೊಂಡಿದೆ. ಪುಡಿಯಾದರೆ ಅದು ಸಿಮೆಂಟು, ಪದರು ಪದರಾಗಿ ಎದ್ದು ಬಂದರೆ ಶಹಾಬಾದಿ ಫರ್ಸಿ. ನಾಡಿನ ಎಷ್ಟೋ ಮನೆಗಳ ಪಡಸಾಲೆಗೂ ಮಸೀದಿಗಳ ಅಂಗಳಕ್ಕೂ ಹಾಸಿರುವುದು ಈ ಕಲ್ಲನ್ನೇ. ಇದನ್ನು ಒಡೆಯದಂತೆ ಸೀಳುವ ವಿದ್ಯೆಯನ್ನು ಪುಸ್ತಕದಿಂದ ಕಲಿತವರು ವಿರಳ. ಶಾಗಿರ್ದನಾದವನು ಉಸ್ತಾದನ ಪಕ್ಕದಲ್ಲಿ ಕುಳಿತು ನೋಡುತ್ತಾನೆ. ಉಳಿ ಪದರಿನ ಗೆರೆಯ ಮೇಲೆ ಹೇಗೆ ಕುಳಿತಿದೆ, ಮೊದಲ ಏಟು ಎಷ್ಟು ಹಗುರ, ಎಲ್ಲಿ ನಿಲ್ಲಿಸಬೇಕು ಎಂಬುದನ್ನೆಲ್ಲ ಅವನ ಕಣ್ಣು ಕಲಿಯುತ್ತದೆ. ಆಮೇಲೆ ಕೈ ಅದನ್ನು ಹಿಂಬಾಲಿಸುತ್ತದೆ. ಉಸ್ತಾದನನ್ನು ಕೇಳಿದರೆ ಅವನಿಗೂ ಅದನ್ನು ಮಾತಿನಲ್ಲಿ ಹೇಳಲು ಬಾರದು. 'ನೋಡು, ಹೀಗೆ' ಎಂದಷ್ಟೇ ಹೇಳಬಲ್ಲನು.

ಆದರೆ ಆ ಶಾಗಿರ್ದನು ಕಲ್ಲು ಸೀಳುವುದನ್ನು ಮಾತ್ರ ಕಲಿಯುತ್ತಾನೆಯೇ? ಉಸ್ತಾದನು ಧೂಳಿಗೆ ಮೂಗು ಬಾಯಿ ಮುಚ್ಚಿಕೊಳ್ಳದಿದ್ದರೆ ಅವನೂ ಮುಚ್ಚಿಕೊಳ್ಳುವುದಿಲ್ಲ. ಉಸ್ತಾದನ ಕೆನ್ನೆಯಲ್ಲಿ ತಂಬಾಕಿನ ಉಂಡೆ ಇದ್ದರೆ ವರ್ಷ ತುಂಬುವುದರೊಳಗೆ ಇವನ ಕೆನ್ನೆಯಲ್ಲೂ ಬಂದು ಕೂರುತ್ತದೆ. ಹಾಸುಗಲ್ಲು ಬಿರಿದು ಹೋದಾಗ ಬಾಯಿಗೆ ಬರುವ ಬೈಗುಳವನ್ನೂ, ಮೊದಲ ಏಟಿಗೆ ಮುಂಚೆ ಮೆಲ್ಲಗೆ ಹೇಳಿಕೊಳ್ಳುವ ಬಿಸ್ಮಿಲ್ಲಾಹ್‌ವನ್ನೂ ಅವನು ಒಟ್ಟಿಗೆ ಪಡೆಯುತ್ತಾನೆ. ಇದು ಕೆಲಸ, ಇದು ಚಟ, ಇದು ಧರ್ಮ ಎಂದು ಯಾರೂ ಅವನಿಗೆ ವಿಂಗಡಿಸಿ ಕೊಡುವುದಿಲ್ಲ.

ಆದಿತ್ಯನಗರಕ್ಕೆ ಸಮೀಪದಲ್ಲಿಯೇ ಕಾಗಿಣಾ ನದಿಯ ದಡದಲ್ಲಿ ಮಳಖೇಡವಿದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೆಂದರೆ ಇದೇ. ಕನ್ನಡದಲ್ಲಿ ನಮಗೆ ದೊರೆತ ಮೊದಲ ಕೃತಿಯಾದ 'ಕವಿರಾಜಮಾರ್ಗ' 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಈ ನಾಡಿನ ಜನರು ವಿಶೇಷವಾಗಿ ಓದದೆಯೇ ಕಾವ್ಯದ ಬಳಕೆಯಲ್ಲಿ ನುರಿತವರು ಎಂದು ಅದರಲ್ಲಿ ಮೆಚ್ಚುಗೆಯಿಂದ ಹೇಳಲಾಗಿದೆ. ನಾವು ಅದನ್ನು ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ ಓದದೆ ಕಲಿತವರು ಎಲ್ಲಿಂದ ಕಲಿತರು? ಸುತ್ತಲಿನವರ ಮಾತನ್ನು ಕೇಳಿ, ಅವರ ರೀತಿಯನ್ನು ನೋಡಿ ಕಲಿತರು. ಕಾವ್ಯ ಹೀಗೆ ಬರುವುದಾದರೆ ಸುಳ್ಳು, ಸಿಡುಕು, ಜಿಪುಣತನಗಳೂ ಇದೇ ದಾರಿಯಿಂದ ಬರಬಲ್ಲವು.

ಮಕ್ಕಳ ಅನುಕರಣೆ ಎಷ್ಟು ಆಳವಾದುದೆಂಬುದನ್ನು 2005ರಲ್ಲಿ ಪ್ರಕಟವಾದ ಒಂದು ಪ್ರಯೋಗ ಚೆನ್ನಾಗಿ ತೋರಿಸಿದೆ. ವಿಕ್ಟೋರಿಯಾ ಹಾರ್ನರ್ ಮತ್ತು ಆಂಡ್ರ್ಯೂ ವೈಟನ್ ಎಂಬ ಸಂಶೋಧಕರು ಒಂದು ಪೆಟ್ಟಿಗೆಯೊಳಗೆ ಬಹುಮಾನವನ್ನಿಟ್ಟು, ಅದನ್ನು ತೆಗೆಯುವ ಬಗೆಯನ್ನು ಚಿಂಪಾಂಜಿಗಳಿಗೂ ಮೂರು ನಾಲ್ಕು ವರ್ಷದ ಮಕ್ಕಳಿಗೂ ಮಾಡಿ ತೋರಿಸಿದರು. ಅದರಲ್ಲಿ ಕೆಲವು ಹಂತಗಳು ಅಗತ್ಯವಾದವು, ಕೆಲವು ನಿಷ್ಪ್ರಯೋಜಕವಾದವು. ಮೇಲಿನ ತೂತಿನಲ್ಲಿ ಕೋಲು ತೂರಿ ಚುಚ್ಚುವುದು ಬರೀ ವ್ಯರ್ಥ. ಪಾರದರ್ಶಕ ಪೆಟ್ಟಿಗೆಯನ್ನು ಇಟ್ಟಾಗ ಅದು ವ್ಯರ್ಥವೆಂಬುದು ಕಣ್ಣಿಗೇ ಕಾಣುತ್ತಿತ್ತು. ಚಿಂಪಾಂಜಿಗಳು ಆ ಹಂತವನ್ನು ಬಿಟ್ಟು ನೇರವಾಗಿ ಬಹುಮಾನಕ್ಕೆ ಕೈ ಹಾಕಿದವು. ಮಕ್ಕಳು ಮಾತ್ರ ಮೇಲಿನ ತೂತಿಗೂ ಚುಚ್ಚಿದರು! ದೊಡ್ಡವರು ಮಾಡಿದ್ದಾರೆಂದರೆ ಅದರಲ್ಲಿ ಏನೋ ಇರಬೇಕೆಂಬ ನಂಬಿಕೆ ಅವರದು. ಇದನ್ನು ಓದಿ ನಗುವವರು ಸ್ವಲ್ಪ ಯೋಚಿಸಲಿ. ನಮಾಝಿನಲ್ಲಿ ನಾವು ಪದೇ ಪದೇ ಗಡಿಯಾರ ನೋಡುವುದನ್ನೂ ಮಗು ನಮಾಝಿನ ಒಂದು ಭಾಗವೆಂದೇ ತಿಳಿಯುತ್ತದೆ.

ಪ್ರವಾದಿವರ್ಯರ(ಸ) ಬೋಧನೆಯ ಕ್ರಮವನ್ನು ಈ ದೃಷ್ಟಿಯಿಂದ ನೋಡಬೇಕು. ಯುವಕರಾದ ಮಾಲಿಕ್ ಬಿನ್ ಹುವೈರಿಸ್(ರ) ಮತ್ತು ಅವರ ಸಂಗಡಿಗರು ಮದೀನಾಕ್ಕೆ ಬಂದು ಸುಮಾರು ಇಪ್ಪತ್ತು ರಾತ್ರಿ ತಂಗಿದ್ದರು. ಊರಿಗೆ ಹೊರಟಾಗ ಅವರಿಗೆ ಸಿಕ್ಕ ಉಪದೇಶದ ಸಾರ, ತಾನು ನಮಾಝ್ ಮಾಡುವುದನ್ನು ನೀವು ಕಂಡಂತೆಯೇ ನಮಾಝ್ ಮಾಡಿರಿ ಎಂಬುದಾಗಿತ್ತು. ಅವರು ನೋಡಿಕೊಂಡದ್ದೇ ಅವರ ಪಾಠವಾಯಿತು. ಮೊಮ್ಮಗಳು ಉಮಾಮಾಳನ್ನು ಹೆಗಲ ಮೇಲಿಟ್ಟುಕೊಂಡೇ ಪ್ರವಾದಿವರ್ಯರು(ಸ) ನಮಾಝ್ ಮಾಡಿಸಿದ ವರದಿಯಿದೆ. ಸುಜೂದ್‌ಗೆ ಹೋಗುವಾಗ ಕೆಳಗಿಳಿಸುತ್ತಿದ್ದರು, ಏಳುವಾಗ ಎತ್ತಿಕೊಳ್ಳುತ್ತಿದ್ದರು. ನಮ್ಮ ಕೆಲವು ಮಸೀದಿಗಳಲ್ಲಿ ಮಕ್ಕಳನ್ನು ಗದರಿಸಿ ಚಪ್ಪಲಿ ಬಿಡುವ ಜಾಗದವರೆಗೂ ಅಟ್ಟುವ ಹಿರಿಯರು ಈ ವರದಿಯನ್ನು ಓದಿಲ್ಲವೋ, ಓದಿಯೂ ಮರೆತರೋ ತಿಳಿಯದು. ಅಲ್ಲಿ ಮಗು ಕಲಿಯುವುದು ನಮಾಝನ್ನಲ್ಲ, ಗದರುವುದನ್ನು.

ಇದೆಲ್ಲಕ್ಕಿಂತ ಸ್ಪಷ್ಟವಾದ ಘಟನೆ ಹುದೈಬಿಯಾದ್ದು. ಹಿಜರಿ 6, ಅಂದರೆ ಕ್ರಿ.ಶ. 628. ಉಮ್ರಾಕ್ಕೆಂದು ಹೊರಟ ಸುಮಾರು 1400 ಸಹಾಬಿಗಳನ್ನು ಮಕ್ಕಾದ ಹೊರಗೇ ತಡೆಯಲಾಯಿತು. ಒಪ್ಪಂದದ ಷರತ್ತುಗಳು ಅವರ ಮನಸ್ಸಿಗೆ ಬಹಳ ಕಹಿಯೆನಿಸಿದವು. ಒಪ್ಪಂದ ಮುಗಿದೊಡನೆ ಬಲಿಮೃಗಗಳನ್ನು ಕೊಯ್ದು ತಲೆ ಬೋಳಿಸಿಕೊಳ್ಳಿರೆಂದು ಪ್ರವಾದಿವರ್ಯರು(ಸ) ಆಜ್ಞಾಪಿಸಿದರು. ಒಬ್ಬರೂ ಏಳಲಿಲ್ಲ. ಮೂರು ಬಾರಿ ಹೇಳಿದರೂ ಏಳಲಿಲ್ಲ. ಇವರು ಪ್ರಾಣವನ್ನೇ ಮುಡಿಪಾಗಿಟ್ಟ ಸಂಗಾತಿಗಳು ಎಂಬುದು ನೆನಪಿರಲಿ. ಪ್ರವಾದಿವರ್ಯರು(ಸ) ನೊಂದು ಡೇರೆಗೆ ಮರಳಿ ಪತ್ನಿ ಹಝ್ರತ್ ಉಮ್ಮು ಸಲಮಾರಿಗೆ(ರ) ವಿಷಯ ತಿಳಿಸಿದರು. ಅವರು ಕೊಟ್ಟ ಸಲಹೆ ಸರಳವಾದುದು. ಹೊರಗೆ ಹೋಗಿ ಯಾರೊಂದಿಗೂ ಒಂದು ಮಾತೂ ಆಡಬೇಡಿ, ತಮ್ಮ ಒಂಟೆಯನ್ನು ತಾವೇ ಕೊಯ್ದು, ಕ್ಷೌರಿಕನನ್ನು ಕರೆದು ತಲೆ ಬೋಳಿಸಿಕೊಳ್ಳಿ ಎಂದರು. ಪ್ರವಾದಿವರ್ಯರು(ಸ) ಹಾಗೆಯೇ ಮಾಡಿದರು. ಅದನ್ನು ಕಂಡ ಕೂಡಲೇ ಎಲ್ಲರೂ ಎದ್ದು ಬಲಿ ನೀಡಿದರು, ಒಬ್ಬರ ತಲೆಯನ್ನು ಇನ್ನೊಬ್ಬರು ಬೋಳಿಸತೊಡಗಿದರು. ಮೂರು ಆಜ್ಞೆಗಳಿಂದ ಆಗದ ಕೆಲಸ ಒಂದು ಮೌನ ಕ್ರಿಯೆಯಿಂದ ಆಯಿತು. ಆಜ್ಞಾಪಿಸಿದವರು ಅಲ್ಲಾಹನ ಸಂದೇಶವಾಹಕರು, ಕೇಳಿದವರು ಸಹಾಬಿಗಳು. ಅಲ್ಲಿಯೇ ಹೀಗಾದ ಮೇಲೆ, ಟಿ.ವಿ.ಯ ಮುಂದೆ ಕಾಲು ಚಾಚಿ ಕುಳಿತು 'ಏ, ನಮಾಝಿಗೆ ಹೋಗೋ' ಎಂದು ಮಗನಿಗೆ ಕೂಗುವ ತಂದೆಯ ಮಾತಿಗೆ ಎಷ್ಟು ಬೆಲೆಯಿದ್ದೀತು?

ಇನ್ನು ಸುಳ್ಳಿನ ವಿಚಾರ. ಒಮ್ಮೆ ಪ್ರವಾದಿವರ್ಯರು(ಸ) ಕುಳಿತಿದ್ದ ಮನೆಯಲ್ಲಿ ತಾಯಿಯೊಬ್ಬರು ತಮ್ಮ ಪುಟ್ಟ ಮಗನನ್ನು 'ಬಾ, ಏನೋ ಕೊಡುತ್ತೇನೆ' ಎಂದು ಕರೆದರು. ಏನು ಕೊಡಬೇಕೆಂದಿದ್ದೆ ಎಂದು ಪ್ರವಾದಿವರ್ಯರು(ಸ) ಕೇಳಿದರು. ಖರ್ಜೂರ ಎಂದು ಆ ತಾಯಿ ಉತ್ತರಿಸಿದರು. ಏನನ್ನೂ ಕೊಡದಿದ್ದರೆ ಅದು ನಿನ್ನ ಹೆಸರಿನಲ್ಲಿ ಒಂದು ಸುಳ್ಳಾಗಿ ದಾಖಲಾಗುತ್ತಿತ್ತು ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದರು. ಈ ಮಾತನ್ನು ವರದಿ ಮಾಡಿದವರು ಯಾರು ಗೊತ್ತೇ? ಅಂದಿನ ಅದೇ ಹುಡುಗ ಅಬ್ದುಲ್ಲಾಹ್ ಬಿನ್ ಆಮಿರ್(ರ). ಮಕ್ಕಳಿಗೆ ಏನು ತಿಳಿಯುತ್ತದೆ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಸಾಲಗಾರನ ಫೋನ್ ಬಂದಾಗ 'ಅಬ್ಬಾ ಮನೆಯಲ್ಲಿಲ್ಲ ಅನ್ನು' ಎಂದು ಮಗಳ ಕೈಗೆ ಫೋನ್ ಕೊಡುವ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಮುಂದೊಂದು ದಿನ ಅವಳು ತಾನಾಗಿಯೇ ಸುಳ್ಳು ಹೇಳಿದಾಗ ಕಪಾಳಕ್ಕೆ ಏಟು ಬೀಳುತ್ತದೆ.

ಆ ಏಟಿನಿಂದ ಕಲಿತದ್ದು ಅಳಿಸಿಹೋಗುವುದೇ? ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 1961ರಲ್ಲಿ 72 ಮಕ್ಕಳ ಮೇಲೆ ಒಂದು ಪ್ರಯೋಗ ನಡೆಸಿದ್ದರು. ದೊಡ್ಡವರು ಗಾಳಿ ತುಂಬಿದ ಗೊಂಬೆಯನ್ನು ಹೊಡೆಯುವುದನ್ನು ಕಂಡ ಮಕ್ಕಳು ತಾವೂ ಹಾಗೆಯೇ, ಅದೇ ಮಾತುಗಳನ್ನಾಡುತ್ತ ಹೊಡೆದರು. 1965ರಲ್ಲಿ ಅವರು ಇನ್ನೊಂದು ಸಂಗತಿಯನ್ನು ಕಂಡುಕೊಂಡರು. ಹೊಡೆದವನಿಗೆ ಶಿಕ್ಷೆಯಾದುದನ್ನು ಚಿತ್ರದಲ್ಲಿ ನೋಡಿದ ಮಕ್ಕಳು ಕಡಿಮೆ ಅನುಕರಿಸಿದರು. ಆದರೆ, ಅವನು ಮಾಡಿದ್ದನ್ನು ಮಾಡಿ ತೋರಿಸಿದರೆ ಬಹುಮಾನವಿದೆ ಎಂದಾಗ ಅವರೂ ಉಳಿದವರಷ್ಟೇ ಚೆನ್ನಾಗಿ ಮಾಡಿ ತೋರಿಸಿದರು. ಶಿಕ್ಷೆಯು ವರ್ತನೆಯನ್ನು ತಡೆದಿತ್ತು, ಕಲಿಕೆಯನ್ನು ಅಳಿಸಿರಲಿಲ್ಲ. ಕಂಡದ್ದು ಒಳಗೇ ಉಳಿದು ಅವಕಾಶಕ್ಕಾಗಿ ಕಾಯುತ್ತಿತ್ತು.

ಇಲ್ಲಿ ಒಂದು ಕಠಿಣ ಪ್ರಶ್ನೆ ಏಳುತ್ತದೆ. ಮಕ್ಕಳು ನೋಡುತ್ತಿದ್ದಾರೆಂದು ನಾನು ನಮಾಝನ್ನು ಸುಂದರಗೊಳಿಸಿದರೆ, ಮಗ ನೋಡಲೆಂದು ಬಡವನಿಗೆ ದಾನ ಕೊಟ್ಟರೆ, ಅದು ರಿಯಾ, ಅಂದರೆ ಜನರಿಗೆ ತೋರಿಸಲು ಮಾಡುವ ಆರಾಧನೆ ಆಗುವುದಿಲ್ಲವೇ? ತೋರಿಕೆಯನ್ನು ಇಸ್ಲಾಮ್ ಬಹಳ ಕಠಿಣವಾಗಿ ಖಂಡಿಸಿದೆ. ಗುಟ್ಟಾಗಿ ಕೊಡುವ ದಾನವೇ ಹೆಚ್ಚು ಉತ್ತಮವೆಂದು ಪವಿತ್ರ ಕುರ್‌ಆನ್ ಹೇಳುತ್ತದೆ. ಆದರೆ ಅದೇ ಸೂಕ್ತವು ಬಹಿರಂಗ ದಾನವನ್ನೂ ಒಳಿತೆಂದೇ ಕರೆದಿದೆ. ಮುಝರ್ ಗೋತ್ರದ ಕೆಲವರು ಬರಿಗಾಲಲ್ಲಿ, ಹರಿದ ಕಂಬಳಿ ಹೊದ್ದು ಮದೀನಾಕ್ಕೆ ಬಂದಾಗ ಅವರ ದಾರಿದ್ರ್ಯ ಕಂಡು ಪ್ರವಾದಿವರ್ಯರ(ಸ) ಮುಖವೇ ಬದಲಾಯಿತು. ಅವರು ಜನರನ್ನು ಸೇರಿಸಿ ದಾನಕ್ಕೆ ಪ್ರೇರೇಪಿಸಿದರು. ಅನ್ಸಾರಿಯೊಬ್ಬರು ಕೈಯಲ್ಲಿ ಹಿಡಿಯಲಾರದಷ್ಟು ಭಾರವಾದ ಚೀಲವನ್ನು ಎಲ್ಲರ ಕಣ್ಣೆದುರೇ ತಂದಿಟ್ಟರು. ಅವರನ್ನು ಕಂಡು ಇತರರೂ ತರತೊಡಗಿದರು, ಕೊನೆಗೆ ಆಹಾರ ಮತ್ತು ಬಟ್ಟೆಗಳ ಎರಡು ರಾಶಿಗಳೇ ಆದವು. ಒಳ್ಳೆಯ ರೂಢಿಯನ್ನು ಆರಂಭಿಸಿದವನಿಗೆ ಅದರ ಪ್ರತಿಫಲದೊಂದಿಗೆ ಅನುಸರಿಸಿದವರ ಪ್ರತಿಫಲದಷ್ಟೂ ದೊರೆಯುವುದೆಂಬ ಸುವಾರ್ತೆಯನ್ನು ಪ್ರವಾದಿವರ್ಯರು(ಸ) ಅಂದೇ ನೀಡಿದರು.

ಇಮಾಮ್ ಗಝ್ಝಾಲಿಯವರು 'ಇಹ್ಯಾ'ದಲ್ಲಿ ಈ ತೊಡಕನ್ನು ವಿವರವಾಗಿ ಚರ್ಚಿಸಿದ್ದಾರೆ. ಇತರರು ಅನುಸರಿಸಲೆಂದು ಸತ್ಕರ್ಮವನ್ನು ಪ್ರಕಟಪಡಿಸಬಹುದು, ಆದರೆ ಮನಸ್ಸು ಇಲ್ಲಿ ಸುಲಭವಾಗಿ ಮೋಸ ಮಾಡುತ್ತದೆಂದು ಅವರು ಎಚ್ಚರಿಸುತ್ತಾರೆ. ಜನರು ನಿನ್ನ ಬದಲು ಇನ್ನೊಬ್ಬನನ್ನು ಕಂಡು ಅನುಸರಿಸಿದರೂ ನಿನಗೆ ಅಷ್ಟೇ ಸಂತೋಷವಾದೀತೇ ಎಂಬುದು ಅವರ ಪರೀಕ್ಷೆ. ಮನೆಯ ಮಟ್ಟಿಗೆ ಇನ್ನೊಂದು ಮಾತನ್ನು ಸೇರಿಸಬಹುದೆಂದು ನನಗೆ ತೋರುತ್ತದೆ. ಮನೆಯಲ್ಲಿ ತೋರಿಕೆ ಬಹಳ ದಿನ ನಡೆಯುವುದೇ ಇಲ್ಲ. ಮಸೀದಿಯ ಜನರಿಗೆ ನಾವು ದಿನಕ್ಕೆ ಅರ್ಧ ಗಂಟೆ ಕಾಣುತ್ತೇವೆ. ಹೆಂಡತಿ ಮಕ್ಕಳಿಗೆ ಹಸಿವಿನಲ್ಲಿ, ಜ್ವರದಲ್ಲಿ, ಸಂಬಳ ತಡವಾದ ತಿಂಗಳಲ್ಲಿಯೂ ಕಾಣುತ್ತೇವೆ. ಮಗನಿಗಾಗಿ ನಟಿಸಿದ ಸಹನೆ ಎರಡು ದಿನ ಬಾಳೀತು, ಮೂರನೆಯ ದಿನ ಅವನಿಗೆ ನಟನೆಯೇ ಪಾಠವಾದೀತು. ಆದ್ದರಿಂದ ಇಲ್ಲಿ ಮಾದರಿಯಾಗಲು ಇರುವ ದಾರಿ ಹಾಗೆಯೇ ಆಗಿಬಿಡುವುದೊಂದೇ.

ಅನುಕರಣೆಯೆಲ್ಲವೂ ಒಳ್ಳೆಯದೆಂದು ಇದರ ಅರ್ಥವಲ್ಲ. ನಮ್ಮ ತಾತ ಮುತ್ತಾತಂದಿರು ಹೀಗೆಯೇ ಮಾಡುತ್ತಿದ್ದರು ಎಂಬ ವಾದವನ್ನು ಕುರ್‌ಆನ್ ಮತ್ತೆ ಮತ್ತೆ ತಿರಸ್ಕರಿಸಿದೆ. ಆ ಪೂರ್ವಜರು ಅರಿವಿಲ್ಲದವರಾಗಿದ್ದರೂ ಹಿಂಬಾಲಿಸುವಿರಾ ಎಂದು ಅದು ಪ್ರಶ್ನಿಸುತ್ತದೆ. ನಮ್ಮ ಕಲ್ಯಾಣ ಕರ್ನಾಟಕದ ಭಾಗದಲ್ಲಿ 'ಜೋಡೆಯ ಹಣ' ಎಂಬ ಹೆಸರಿನಲ್ಲಿ ವಧುವಿನ ತಂದೆಯಿಂದ ಪಡೆಯುವ ಮೊತ್ತವನ್ನೇ ನೋಡಿರಿ. ಶರೀಅತ್ತಿನಲ್ಲಿ ಮಹ್ರ್ ಕೊಡಬೇಕಾದವನು ವರ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರವೂ ಇದು ಅಪರಾಧ. ಮಿಂಬರ್‌ಗಳಿಂದ ಇದರ ವಿರುದ್ಧ ಖುತ್ಬಾಗಳು ಎಷ್ಟೋ ಆಗಿವೆ. ಆದರೂ ಏಕೆ ನಿಂತಿಲ್ಲ? ಪ್ರತಿಯೊಬ್ಬ ಯುವಕನೂ ಖುತ್ಬಾವನ್ನು ಕೇಳಿದ್ದಾನೆ ನಿಜ, ಆದರೆ ಅಣ್ಣನ ಮದುವೆಯನ್ನು ಕಣ್ಣಾರೆ ನೋಡಿದ್ದಾನೆ. ಹಣ ಎಣಿಸುವಾಗ ಮನೆಯ ಹಿರಿಯರ ಮುಖದಲ್ಲಿ ನಾಚಿಕೆಯ ಲವಲೇಶವೂ ಇಲ್ಲದುದನ್ನು ನೋಡಿದ್ದಾನೆ. ಇಡೀ ಬೀದಿಯಲ್ಲಿ ಒಬ್ಬನಾದರೂ ಮುಂದೆ ಬಂದು, ತೆಗೆದುಕೊಳ್ಳದೆ, ತಾನೇ ಮಹ್ರ್ ಕೊಟ್ಟು ಮದುವೆಯಾದರೆ ಆ ಬೀದಿಯ ಹುಡುಗರಿಗೆ ನೋಡಲು ಇನ್ನೊಂದು ಚಿತ್ರ ಸಿಗುತ್ತದೆ. ಅನ್ಸಾರಿಯ ಆ ಭಾರದ ಚೀಲದಂತೆ.

ನೋಡಿ ಕಲಿಯುವುದರ ಎರಡೂ ಮುಖಗಳು ಆದಮರ(ಅ) ಪುತ್ರರ ವೃತ್ತಾಂತದಲ್ಲಿಯೇ ಇವೆ. ತಮ್ಮನನ್ನು ಕೊಂದ ಅಣ್ಣನಿಗೆ ಶವವನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಅಲ್ಲಾಹನು ಒಂದು ಕಾಗೆಯನ್ನು ಕಳುಹಿಸಿದನು, ಅದು ನೆಲವನ್ನು ಕೆದಕಿತು. ಮನುಷ್ಯನು ಅದನ್ನು ಕಂಡು ಹೂಳುವುದನ್ನು ಕಲಿತನು, ಒಂದು ಕಾಗೆಯಷ್ಟೂ ಆಗಲಿಲ್ಲವಲ್ಲ ಎಂದು ಮರುಗಿದನು. ಇನ್ನೊಂದೆಡೆ, ಅನ್ಯಾಯವಾಗಿ ನಡೆಯುವ ಪ್ರತಿಯೊಂದು ಕೊಲೆಯ ಪಾಪದಲ್ಲೂ ಅವನಿಗೆ ಪಾಲಿದೆಯೆಂದು ಹದೀಸ್‌ನಲ್ಲಿ ಬಂದಿದೆ, ಏಕೆಂದರೆ ಕೊಲೆಯ ರೂಢಿಯನ್ನು ಮೊದಲು ಹಾಕಿದವನು ಅವನೇ. ಮಾಡಿದವನು ಸತ್ತ ಮೇಲೂ ಅವನ ಮಾದರಿ ಸಾಯುವುದಿಲ್ಲವೆಂಬುದು ಎಷ್ಟು ನಡುಗಿಸುವ ಸಂಗತಿ!

ಪ್ರವಾದಿವರ್ಯರ(ಸ) ಮನೆಯೊಳಗೆ ಬೆಳೆದ ಕಣ್ಣುಗಳೂ ಇದ್ದವು. ಅನಸ್ ಬಿನ್ ಮಾಲಿಕ್(ರ) ಹತ್ತು ವರ್ಷದ ಬಾಲಕನಾಗಿ ಸೇವೆಗೆ ಸೇರಿ ಹತ್ತು ವರ್ಷ ಅಲ್ಲಿದ್ದರು. ಒಮ್ಮೆಯೂ 'ಛೆ' ಎಂದುದನ್ನಾಗಲಿ, ಇದನ್ನೇಕೆ ಮಾಡಿದೆ ಎಂದು ದೂರಿದುದನ್ನಾಗಲಿ ತಾನು ಕೇಳಲಿಲ್ಲವೆಂದು ಅವರು ಮುಂದೆ ಜನರಿಗೆ ಹೇಳುತ್ತಿದ್ದರು. ಪ್ರವಾದಿವರ್ಯರ(ಸ) ಮರಣಾನಂತರ ಅಸ್ವದ್ ಎಂಬವರು ಹಝ್ರತ್ ಆಯಿಶಾರ(ರ) ಬಳಿ, ಅವರು ಮನೆಯಲ್ಲಿ ಏನು ಮಾಡುತ್ತಿದ್ದರು ಎಂದು ವಿಚಾರಿಸಿದರು. ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರು, ನಮಾಝಿನ ಹೊತ್ತಾದಾಗ ಎದ್ದು ಹೊರಡುತ್ತಿದ್ದರು ಎಂದು ಆಯಿಶಾ(ರ) ಉತ್ತರಿಸಿದರು.