ತೀರ್ಪಾದ ಮೇಲೆ ಎದ್ದ ಕೂಗು

(ತಪಸ್ಸುಕಾಲದ 5ನೆಯ ವಾರದ ಸೋಮವಾರದ ಪ್ರಬೋಧನೆ. ಮೊದಲ ವಾಚನ: ದಾನಿಯೇಲ, ಅಧ್ಯಾಯ 13)



ಇಂದಿನ ಮೊದಲ ವಾಚನ ಉದ್ದವಾಗಿತ್ತು. ವಾರದ ದಿನದ ಬಲಿಪೂಜೆಯಲ್ಲಿ ಇಷ್ಟು ದೀರ್ಘ ವಾಚನ ಅಪರೂಪ. ಸಂಕ್ಷಿಪ್ತವಾಗಿ ಓದುವುದಕ್ಕೂ ಅವಕಾಶವಿದೆ. ಆದರೂ ಪೂರ್ತಿ ಓದಬೇಕೆಂದು ನಾನೇ ಹೇಳಿದ್ದೆ. ಕೆಲಸ ಮುಗಿಸಿ ದಣಿದು ಬಂದವರು ನೀವು, ತಾಳ್ಮೆಯಿಂದ ಕೇಳಿದಿರಿ. ಸುಸನ್ನಳ ಕಥೆ ನಮ್ಮಿಂದ ಬಯಸುವುದೂ ಆ ತಾಳ್ಮೆಯನ್ನೇ.

ಬಾಬಿಲೋನಿನಲ್ಲಿ ಯೋವಾಕೀಮನೆಂಬ ಸಿರಿವಂತ. ಅವನ ಹೆಂಡತಿ ಸುಸನ್ನ. ಆ ವರ್ಷ ನ್ಯಾಯಾಧೀಶರಾಗಿ ನೇಮಕಗೊಂಡಿದ್ದ ಇಬ್ಬರು ಹಿರಿಯರು ದಿನವೂ ಆ ಮನೆಗೆ ಬರುತ್ತಿದ್ದರು. ಜನರ ವ್ಯಾಜ್ಯಗಳು ಅಲ್ಲೇ ತೀರ್ಮಾನವಾಗುತ್ತಿದ್ದವು. ಬಿಸಿಲೇರಿದ ಒಂದು ಹೊತ್ತಿನಲ್ಲಿ ಸುಸನ್ನ ಸ್ನಾನಕ್ಕೆಂದು ತೋಟಕ್ಕೆ ಬಂದಳು. ಎಣ್ಣೆ ತರಲು ದಾಸಿಯರು ಹೋದರು, ತೋಟದ ಬಾಗಿಲು ಮುಚ್ಚಿತು. ಅವಿತು ಕುಳಿತಿದ್ದ ಆ ಇಬ್ಬರೂ ಎದುರಿಗೆ ಬಂದು ನಿಂತರು. ನಮ್ಮ ಆಸೆಗೆ ಒಪ್ಪು, ಇಲ್ಲವಾದರೆ ಒಬ್ಬ ಯುವಕ ನಿನ್ನ ಜೊತೆಗಿದ್ದನೆಂದು ಸಾಕ್ಷಿ ಹೇಳುತ್ತೇವೆ ಎಂದು ಬೆದರಿಸಿದರು. ಒಪ್ಪಿದರೆ ದೇವರ ಮುಂದೆ ಪಾಪ, ಒಪ್ಪದಿದ್ದರೆ ಜನರ ಕೈಯಲ್ಲಿ ಸಾವು. ಆಕೆ ಒಪ್ಪಲಿಲ್ಲ.

ಮರುದಿನವೇ ವಿಚಾರಣೆ. ಹಿರಿಯರು, ಅದರಲ್ಲೂ ನ್ಯಾಯಾಧೀಶರು ಹೇಳುತ್ತಿದ್ದಾರೆಂದ ಮೇಲೆ ಸಭೆ ನಂಬಿತು. ಮರಣದಂಡನೆಗೆ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕೆಂಬುದು ಮೋಶೆಯ ಧರ್ಮಶಾಸ್ತ್ರದ ಕಟ್ಟಳೆ. ಇಬ್ಬರು ಇದ್ದರು. ಕಟ್ಟಳೆಗೆ ಯಾವ ಲೋಪವೂ ಆಗಲಿಲ್ಲ. ಆದರೆ ಆಕೆಯನ್ನು ಯಾರಾದರೂ ಏನಾದರೂ ಕೇಳಿದರೇ? ವಾಚನದಲ್ಲಿ ಹುಡುಕಿ ನೋಡಿ, ಎಲ್ಲೂ ಇಲ್ಲ. ತೋಟದಿಂದ ಈಚೆಗೆ ಆಕೆಯ ಧ್ವನಿ ನಮಗೆ ಕೇಳಿಸುವುದು ಶಿಕ್ಷೆ ಪ್ರಕಟವಾದ ಮೇಲೆಯೇ. ಇವರ ಸಾಕ್ಷಿ ಸುಳ್ಳೆಂದು ನಿನಗೆ ಗೊತ್ತು, ನಾನು ಇದನ್ನು ಮಾಡಿಲ್ಲ ಎಂದು ಆಕೆ ಗಟ್ಟಿಯಾಗಿ ದೇವರಿಗೆ ಮೊರೆಯಿಟ್ಟಳು.

ದೇವರು ಆ ಮೊರೆಗೆ ಹೇಗೆ ಓಗೊಟ್ಟರು? ಆಕಾಶದಿಂದ ಬೆಂಕಿ ಬೀಳಲಿಲ್ಲ. ಗುಂಪಿನಲ್ಲಿದ್ದ ದಾನಿಯೇಲನೆಂಬ ಹುಡುಗನ ಆತ್ಮವನ್ನು ಎಚ್ಚರಿಸಿದರು. ಈಕೆಯ ರಕ್ತದಲ್ಲಿ ತನಗೆ ಪಾಲಿಲ್ಲವೆಂದು ಅವನು ಕೂಗಿದ. ಸರಿಯಾಗಿ ವಿಚಾರಿಸದೆ ತೀರ್ಪು ಕೊಟ್ಟಿರಲ್ಲ ಎಂದು ಜನರನ್ನು ಗದರಿಸಿದ, ನ್ಯಾಯಸಭೆಗೆ ಹಿಂದಿರುಗಿ ಎಂದ. ಆಮೇಲೆ ಸಾಕ್ಷಿಗಳನ್ನು ಬೇರೆ ಬೇರೆ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದ: ಸುಸನ್ನಳನ್ನೂ ಆ ಯುವಕನನ್ನೂ ಕಂಡದ್ದು ಯಾವ ಮರದ ಕೆಳಗೆ? ಒಬ್ಬನು ಅಂಟು ಸುರಿಸುವ ಗಿಡ್ಡ ಮರದ ಹೆಸರು ಹೇಳಿದ. ಇನ್ನೊಬ್ಬನು ದೊಡ್ಡ ಓಕ್ ಮರ ಎಂದ. ಅಷ್ಟೇ. ಒಂದು ಜೀವ ಉಳಿಯಿತು.

ಪ್ರಿಯರೇ, ಸುಸನ್ನ ಒಳ್ಳೆಯ ಮನೆತನದವಳು, ಅಂಥವಳಲ್ಲ ಎಂದು ದಾನಿಯೇಲ ವಾದಿಸಲಿಲ್ಲ. ಎಲ್ಲರೂ ಕೇಳದೆ ಬಿಟ್ಟ ಪ್ರಶ್ನೆಯನ್ನು ಅವನು ಕೇಳಿದ, ಅದನ್ನೂ ತೀರ್ಪಾದ ಮೇಲೆ ಕೇಳಿದ. ಇದನ್ನೇ ಇಂದಿನ ಕೋರ್ಟುಗಳ ಭಾಷೆಯಲ್ಲಿ ಮೇಲ್ಮನವಿ ಎನ್ನುತ್ತೇವೆ.

ಕೆಲವು ವರ್ಷಗಳ ಹಿಂದೆ ನಾನು ಜೈಲು ಸೇವೆಗೆ ಹೋಗುತ್ತಿದ್ದೆ. ಅಲ್ಲಿ ಜೀವಾವಧಿ ಶಿಕ್ಷೆಯಾದ ಒಬ್ಬ ಸಜಾಬಂದಿ ಪ್ರತಿ ಸಲವೂ ಸೆಷನ್ಸ್ ಕೋರ್ಟಿನ ತೀರ್ಪಿನ ನಕಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದುಕೊಂಡು ಬರುತ್ತಿದ್ದರು. ಮಡಿಕೆ ಬಿದ್ದ ಕಡೆ ಕಾಗದ ಸವೆದು ಸೀಳಿತ್ತು, ಗಮ್‌ಟೇಪ್ ಅಂಟಿಸಿದ್ದರು. ಒಂದು ಪುಟದಲ್ಲಿ, ಸಾಕ್ಷಿಯೊಬ್ಬರು ತಾವು ನೋಡಿದ ಹೊತ್ತನ್ನು ಹೇಳಿದ ಸಾಲಿನ ಕೆಳಗೆ, ಪೆನ್ಸಿಲ್ ಗೆರೆಯನ್ನು ಮತ್ತೆ ಮತ್ತೆ ಎಳೆದು ಕಾಗದವೇ ಹೊಳೆಯುತ್ತಿತ್ತು. ಹೈಕೋರ್ಟಿನಲ್ಲಿ ಅಪೀಲು ಬಾಕಿಯಿತ್ತು. ನಾನೋ ಅವರಿಗೆ ಸಮಾಧಾನ ಹೇಳುವ ಅವಸರದಲ್ಲಿದ್ದೆ. "ಮಾಡಿದ್ದನ್ನ ಒಪ್ಪಿಕೊಂಡುಬಿಡು ಮಗಾ, ಮನಸ್ಸು ಹಗುರಾಗುತ್ತೆ" ಎಂದೆ.

ಅವರು ಸಿಟ್ಟಾಗಲಿಲ್ಲ. "ಫಾದರ್, ನಾನು ಮಾಡಿರೋ ಪಾಪ ಬೇಕಾದಷ್ಟಿದೆ. ಕುಡಿದಿದೀನಿ, ಹೆಂಡ್ತೀನ ಅಳಿಸಿದೀನಿ, ಅಪ್ಪನ ಮಾತು ಮೀರಿದೀನಿ. ಅದನ್ನೆಲ್ಲ ಮೊಣಕಾಲೂರಿ ಹೇಳ್ತೀನಿ. ಆದ್ರೆ ಇದನ್ನ ನಾನು ಮಾಡ್ಲಿಲ್ಲ. ಮಾಡದೇ ಇರೋದನ್ನ ಮಾಡ್ದೆ ಅಂದ್ರೆ ಅದೂ ಸುಳ್ಳುಸಾಕ್ಷಿ ಅಲ್ವಾ?" ಎಂದರು.

ಇದು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ. ಬೆಂಚಿನ ಮೇಲೆ ಕುಳಿತು ಆಡಿದ ಮಾತು, ಹೇಳುವುದಕ್ಕೆ ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಅವರು ನಿರಪರಾಧಿ ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ನನ್ನದಲ್ಲ. ಆದರೆ ಅಂದು ನನ್ನ ತಪ್ಪು ನನಗೆ ಗೊತ್ತಾಯಿತು. ಕೇಳುವ ಮೊದಲೇ ನಾನೂ ತೀರ್ಪು ಕೊಟ್ಟಿದ್ದೆ. ಸುಳ್ಳುಸಾಕ್ಷಿ ಹೇಳಬೇಡ ಎಂಬ ಎಂಟನೆಯ ಆಜ್ಞೆಯನ್ನು ನಾವು ಚಿಕ್ಕಂದಿನಿಂದ ಬಾಯಿಪಾಠ ಮಾಡಿದ್ದೇವೆ. ನನ್ನ ಮೇಲೆ ನಾನೇ ಸುಳ್ಳು ಹೇಳಿಕೊಂಡರೂ ಅದು ಸುಳ್ಳೇ ಎಂಬುದನ್ನು ಒಬ್ಬ ಕೈದಿ ನನಗೆ ಕಲಿಸಿದರು.

ನಮ್ಮಲ್ಲಿ ಪಶ್ಚಾತ್ತಾಪಕ್ಕೆ ದೊಡ್ಡ ಸ್ಥಾನವಿದೆ, ಇರಲೇಬೇಕು. ಅದರಿಂದಾಗಿಯೇ ನಾವು ಒಮ್ಮೊಮ್ಮೆ ಎಡವುತ್ತೇವೆ. ತಲೆ ತಗ್ಗಿಸಿ ಅತ್ತವನನ್ನು ಒಳ್ಳೆಯವನೆನ್ನುತ್ತೇವೆ. ನಾನು ಮಾಡಿಲ್ಲ ಎಂದು ತಲೆ ಎತ್ತಿ ನಿಂತವನನ್ನು ಕಲ್ಲೆದೆಯವನೆನ್ನುತ್ತೇವೆ. ಇಂದಿನ ಶುಭಸಂದೇಶದಲ್ಲಿ ಕಲ್ಲು ಹಿಡಿದವರ ನಡುವೆ ನಿಂತ ಹೆಣ್ಣು ತಪ್ಪು ಮಾಡಿದ್ದಳು. ಪ್ರಭು ಕ್ಷಮಿಸಿ, ಇನ್ನು ಪಾಪ ಮಾಡಬೇಡವೆಂದು ಕಳುಹಿಸಿದರು. ಸುಸನ್ನ ತಪ್ಪು ಮಾಡಿರಲಿಲ್ಲ. ಆಕೆಗೆ ದೇವರು ಕೊಡಿಸಿದ್ದು ಮರುವಿಚಾರಣೆ. ಧರ್ಮಸಭೆ ಇಬ್ಬರನ್ನೂ ಒಂದೇ ದಿನ ನಮ್ಮ ಮುಂದೆ ನಿಲ್ಲಿಸುತ್ತದೆ. ತಪ್ಪಿತಸ್ಥರಿಗೆ ಕರುಣೆ ಬೇಕು. ತಪ್ಪು ಮಾಡದವರಿಗೆ ಕರುಣೆ ತೋರಿಸಿ ಕೈತೊಳೆದುಕೊಂಡರೆ ಅದು ಇನ್ನೊಂದು ಅನ್ಯಾಯ.

ಅಮೆರಿಕದ ಅಲಬಾಮಾ ರಾಜ್ಯದ ಆಂಥೊನಿ ರೇ ಹಿಂಟನ್ ಅವರ ಬದುಕನ್ನು ನೋಡಿ. 1985ರಲ್ಲಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಇಬ್ಬರು ಹೋಟೆಲ್ ಮ್ಯಾನೇಜರುಗಳ ಕೊಲೆಯಾಯಿತು. ಅದೇ ರೀತಿಯ ಮೂರನೆಯ ದಾಳಿಯಲ್ಲಿ ಗುಂಡೇಟು ತಿಂದು ಬದುಕಿದವರು ಫೋಟೋಗಳಲ್ಲಿ ಹಿಂಟನ್ ಅವರನ್ನು ತೋರಿಸಿದರು. ಆ ದಾಳಿಯ ಹೊತ್ತಿಗೆ ಹಿಂಟನ್ ಸುಮಾರು 24 ಕಿಲೋಮೀಟರ್ ದೂರದ, ಬೀಗ ಹಾಕಿದ ಗೋದಾಮಿನಲ್ಲಿ ರಾತ್ರಿ ಪಾಳಿಯ ಕೆಲಸದಲ್ಲಿದ್ದರು. 29 ವರ್ಷದ ಬಡ ಕಪ್ಪು ಯುವಕ. ಕೊಲೆಗಳಿಗೂ ಅವರಿಗೂ ನಂಟು ಕಲ್ಪಿಸಿದ್ದು ಒಂದೇ ಮಾತು: ಗುಂಡುಗಳು ಅವರ ತಾಯಿಯ ಹಳೆಯ ರಿವಾಲ್ವರಿನಿಂದಲೇ ಹಾರಿದವು ಎಂಬ ಸರ್ಕಾರಿ ತಜ್ಞರ ಹೇಳಿಕೆ. ಅದನ್ನು ಪ್ರಶ್ನಿಸಲು ಒಳ್ಳೆಯ ತಜ್ಞ ಬೇಕಿತ್ತು. ಅದಕ್ಕೆ ಕೋರ್ಟು 1,000 ಡಾಲರಿಗಿಂತ ಹೆಚ್ಚು ಕೊಡುವುದಿಲ್ಲವೆಂದು ಅವರ ವಕೀಲರು ತಪ್ಪು ತಿಳಿದಿದ್ದರು. ಕಾನೂನು ಅಷ್ಟರಲ್ಲೇ ಬದಲಾಗಿತ್ತು, ಅವರು ನೋಡಿರಲಿಲ್ಲ. ಆ ಹಣಕ್ಕೆ ಸಿಕ್ಕ ತಜ್ಞರಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ಸೂಕ್ಷ್ಮದರ್ಶಕ ಬಳಸಲು ಎದುರು ಪಕ್ಷದವರ ನೆರವು ಕೇಳಿದ್ದನ್ನು ಅವರೇ ಕೋರ್ಟಿನಲ್ಲಿ ಒಪ್ಪಿಕೊಂಡರು. ಜೂರಿಗಳು ಅವರ ಮಾತನ್ನು ನಂಬಲಿಲ್ಲ. ಹಿಂಟನ್‌ಗೆ ಮರಣದಂಡನೆಯಾಯಿತು.

ಜೈಲು ಸೇರಿದ ಮೊದಲ ದಿನಗಳಲ್ಲಿ ಅವರು ಬೈಬಲನ್ನು ಮಂಚದ ಕೆಳಗೆ ಎಸೆದರು. ಮೂರು ವರ್ಷ ಯಾರೊಡನೆಯೂ ಮಾತನಾಡಲಿಲ್ಲ. ಒಂದು ರಾತ್ರಿ ಪಕ್ಕದ ಕೋಣೆಯಲ್ಲಿ ಒಬ್ಬ ಅಳುವುದು ಕೇಳಿಸಿತು. ಅವನ ತಾಯಿ ತೀರಿಕೊಂಡಿದ್ದರು. ಹಿಂಟನ್ ಮೌನ ಮುರಿದು ಅವನಿಗೆ ಸಮಾಧಾನ ಹೇಳಿದರು. ತಮ್ಮ ಕೂಗಿಗೆ ಯಾರೂ ಕಿವಿಗೊಡದಿದ್ದಾಗ ಅವರು ಇನ್ನೊಬ್ಬನ ಅಳುವಿಗೆ ಕಿವಿಗೊಟ್ಟರು. ಮರಣದಂಡನೆಯನ್ನು ಜೀವಾವಧಿಗೆ ಇಳಿಸಲು ನೋಡೋಣ ಎಂದ ಒಬ್ಬ ವಕೀಲರ ಮಾತಿಗೆ ಮಾತ್ರ ಅವರು ಒಪ್ಪಲಿಲ್ಲ. ಮಾಡದ ಕೊಲೆಗೆ ಕಡಿಮೆ ಶಿಕ್ಷೆಯೂ ಶಿಕ್ಷೆಯೇ ಎಂಬುದು ಅವರ ನಿಲುವು.

ಮುಂದೆ ಬ್ರಯಾನ್ ಸ್ಟೀವನ್‌ಸನ್ ಎಂಬ ವಕೀಲರು ಮೊಕದ್ದಮೆ ಕೈಗೆತ್ತಿಕೊಂಡರು. 2002ರಲ್ಲಿ ಮೂವರು ಪರಿಣತ ತಜ್ಞರು, ಆ ಗುಂಡುಗಳನ್ನು ಆ ರಿವಾಲ್ವರಿಗೆ ಹೊಂದಿಸಲಾಗದು ಎಂದು ಸಾಕ್ಷಿ ಹೇಳಿದರು. ಯಾವ ಮರದ ಕೆಳಗೆ ಎಂಬ ಪ್ರಶ್ನೆಯನ್ನು ಕೊನೆಗೂ ಯಾರೋ ಕೇಳಿದ್ದರು. ಆದರೂ ಬಾಗಿಲು ತೆರೆಯಲು ಇನ್ನೂ ಹದಿಮೂರು ವರ್ಷ ಬೇಕಾಯಿತು. ಅದೇ 2002ರಲ್ಲಿ, ಮಗನ ದಾರಿ ಕಾಯುತ್ತಲೇ ತಾಯಿ ತೀರಿಕೊಂಡರು. 2014ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ವಕೀಲರ ಆ ತಪ್ಪು ತಿಳಿವಳಿಕೆಯಿಂದಾಗಿ ವಕಾಲತ್ತು ಸಂವಿಧಾನ ಬಯಸುವ ಮಟ್ಟಕ್ಕಿಂತ ಕೆಳಗಿತ್ತು ಎಂದು ಒಮ್ಮತದಿಂದ ಹೇಳಿತು. 2015ರ ಏಪ್ರಿಲ್ 3ರಂದು ಹಿಂಟನ್ ಹೊರಬಂದರು. ಅಂದು ಶುಭ ಶುಕ್ರವಾರ. ಸುಮಾರು 30 ವರ್ಷಗಳ ಕಾಲ ತಪ್ಪದೆ ಅವರನ್ನು ನೋಡಲು ಬರುತ್ತಿದ್ದ ಬಾಲ್ಯದ ಗೆಳೆಯರೊಬ್ಬರಿದ್ದರು. ಕೋರ್ಟು ಕೇಳುವುದಕ್ಕೆ ಮುಂಚೆ, ಆ ಎಲ್ಲ ವರ್ಷಗಳಲ್ಲೂ ಕೇಳುತ್ತಿದ್ದವರು ಅವರೇ.

ಅಪೀಲು ಹೋಗುವುದು ಕಾನೂನಿಗೆ ಅವಿಧೇಯತೆ ಎಂದು ಕೆಲವರು ಭಾವಿಸುತ್ತಾರೆ. ಸಂತ ಪೌಲರನ್ನು ನೆನೆಯಿರಿ. ಕೈಸರೈಯದಲ್ಲಿ ಎರಡು ವರ್ಷ ಸೆರೆಯಲ್ಲಿದ್ದು, ರಾಜ್ಯಪಾಲ ಫೆಸ್ತನ ಮುಂದೆ ನಿಂತಾಗ ಅವರು ಚಕ್ರವರ್ತಿಗೇ ಮನವಿ ಮಾಡಿಕೊಂಡರು. ಸಾವಿಗೆ ತಕ್ಕ ಅಪರಾಧ ಮಾಡಿದ್ದರೆ ಸಾಯಲು ಹಿಂಜರಿಯೆ, ಮಾಡಿಲ್ಲವಾದರೆ ನನ್ನನ್ನು ಯಾರೂ ಒಪ್ಪಿಸಿಕೊಡಲಾಗದು ಎಂಬುದು ಅವರ ಮಾತಿನ ಸಾರ. ಕಾನೂನಿನ ಮೇಲೆ ನಂಬಿಕೆ ಇದ್ದವರೇ ಕಾನೂನಿನ ಮುಂದಿನ ಮೆಟ್ಟಿಲು ಹತ್ತುತ್ತಾರೆ.

ಆ ಮೆಟ್ಟಿಲು ನಮ್ಮ ದೇಶದಲ್ಲಿ ಬಡವರಿಗೂ ಇದೆ. ಅದು ಗೊತ್ತಿಲ್ಲದೆ ಎಷ್ಟೋ ಮನೆಗಳು ಕೈಚೆಲ್ಲುತ್ತವೆ. ಆದ್ದರಿಂದ ಬಲಿಪೀಠದ ಬಳಿಯಿಂದಲೇ ಹೇಳುತ್ತೇನೆ. ಸೆಷನ್ಸ್ ಕೋರ್ಟು ಮರಣದಂಡನೆಯಲ್ಲದ ಶಿಕ್ಷೆ ವಿಧಿಸಿದರೆ 60 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬೇಕು; ತಡವಾದರೆ ಕಾರಣ ತೋರಿಸಿ ಮನ್ನಿಸುವಂತೆ ಕೇಳಬಹುದು. ಜೈಲಿನೊಳಗಿಂದಲೇ, ಜೈಲಿನ ಅಧಿಕಾರಿಯ ಮೂಲಕ ಅಪೀಲು ಕಳುಹಿಸಬಹುದು. ಮೇಲ್ಮನವಿಗೆ ತೀರ್ಪಿನ ನಕಲನ್ನು ಉಚಿತವಾಗಿ ಕೊಡಬೇಕು, ವಕೀಲರಿಲ್ಲದ ಬಡ ಕೈದಿಗೆ ವಕೀಲರನ್ನು ಒದಗಿಸಬೇಕು ಎಂದು ಸುಪ್ರೀಂ ಕೋರ್ಟು 1978ರಷ್ಟು ಹಿಂದೆಯೇ ಹೇಳಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಬಂಧನದಲ್ಲಿರುವ ಯಾರೇ ಆಗಲಿ ಉಚಿತ ಕಾನೂನು ನೆರವಿಗೆ ಅರ್ಹರು. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಸಹಾಯವಾಣಿ 15100. ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ನಿಮಗೆ ಬೇಡದಿರಬಹುದು, ನಿಮ್ಮ ಬೀದಿಯಲ್ಲಿ ಯಾರಿಗೋ ಬೇಕಾದೀತು.

ಇನ್ನೊಂದು ಮಾತು ಹೇಳದಿದ್ದರೆ ನಾನು ಅರ್ಧ ಸತ್ಯ ಹೇಳಿದಂತೆ. ನಾನು ಮಾಡಿಲ್ಲ ಎನ್ನುವವರೆಲ್ಲ ಮಾಡದವರಲ್ಲ. ಮಗನನ್ನು, ಮಗಳನ್ನು ಕಳೆದುಕೊಂಡ ಮನೆಯವರಿಗೆ ಪ್ರತಿ ಅಪೀಲೂ ಹಳೆಯ ಗಾಯವನ್ನು ಕೆದಕುತ್ತದೆ. ಅವರ ಕಣ್ಣೀರು ಕೂಡ ದೇವರ ಮುಂದಿದೆ. ಆದರೆ ತಪ್ಪು ಮಾಡದವನನ್ನು ಜೈಲಿಗೆ ಹಾಕಿದರೆ ಆ ಮನೆಗೂ ನ್ಯಾಯ ಸಿಕ್ಕುವುದಿಲ್ಲ. ನಿಜವಾದ ಅಪರಾಧಿ ಹೊರಗೆ ಓಡಾಡುತ್ತಿರುತ್ತಾನೆ. ಆದುದರಿಂದ ಸರಿಯಾದ ವಿಚಾರಣೆ ಬೇಕೆನ್ನುವವರು ಸತ್ತವರ ಪರವಾಗಿಯೂ ನಿಲ್ಲುತ್ತಾರೆ. ಕೈದಿಯ ಮಾತನ್ನು ಕುರುಡಾಗಿ ನಂಬಿರೆಂದು ನಾನು ಹೇಳುತ್ತಿಲ್ಲ. ದಾನಿಯೇಲನಂತೆ ಕೇಳಿ ಎನ್ನುತ್ತೇನೆ.

ಹಿಂದೆ ನಾನಿದ್ದ ಒಂದು ಧರ್ಮಕೇಂದ್ರದಲ್ಲಿ, ಗಂಡನಿಗೆ ಶಿಕ್ಷೆಯಾಗಿದ್ದ ತಾಯಿಯೊಬ್ಬರು ಬೆಳಗಿನ ಮೊದಲ ಪೂಜೆಗೆ ಬರುತ್ತಿದ್ದರು. ಕೊನೆಯ ಬೆಂಚು. ಪರಮಪ್ರಸಾದ ಸ್ವೀಕರಿಸಿ, ಅಂತಿಮ ಆಶೀರ್ವಾದಕ್ಕೆ ಮೊದಲೇ ಸೆರಗು ಹೊದ್ದು ಹೊರಟುಬಿಡುತ್ತಿದ್ದರು. ಬಾಗಿಲಲ್ಲಿ ಯಾರಾದರೂ ಮಾತನಾಡಿಸಿಯಾರು ಎಂಬ ಭಯ. ಯಾರೂ ಮಾತನಾಡಿಸುವುದಿಲ್ಲವಲ್ಲ ಎಂಬ ನೋವೂ ಇದ್ದಿರಬೇಕು. ಒಂದು ದಿನ ಒಬ್ಬ ಅಜ್ಜಿ ಮುಂದಿನ ಬೆಂಚು ಬಿಟ್ಟು ಹಿಂದೆ ಹೋಗಿ ಅವರ ಪಕ್ಕ ಕುಳಿತರು. ಮರುದಿನವೂ ಅಲ್ಲೇ ಕುಳಿತರು. ಕೆಲವು ವಾರಗಳ ನಂತರ ಇಬ್ಬರೂ ಆಶೀರ್ವಾದ ಮುಗಿಯುವವರೆಗೆ ಇರತೊಡಗಿದರು. ಆ ಅಜ್ಜಿಗೆ ಕಾನೂನು ಗೊತ್ತಿರಲಿಲ್ಲ, ಆದರೂ ಆ ತಾಯಿಯ ಅಪೀಲನ್ನು ಮೊದಲು ಅಂಗೀಕರಿಸಿದವರು ಅವರೇ.

ಬರುವ ಭಾನುವಾರ ಗರಿ ಹಿಡಿದು ಮೆರವಣಿಗೆ ಹೋಗುತ್ತೇವೆ, ಆಮೇಲೆ ಶಿಲುಬೆಯ ಬುಡಕ್ಕೆ ಬರುತ್ತೇವೆ. ಅಲ್ಲಿ, ತೀರ್ಪೆಲ್ಲ ಮುಗಿದ ಮೇಲೆ, ಯೇಸುಸ್ವಾಮಿಯ ಪರ ಬಾಯಿಬಿಟ್ಟವನು ಪಕ್ಕದ ಶಿಲುಬೆಯಲ್ಲಿದ್ದ ಕಳ್ಳ. ನಮಗೆ ಸಿಕ್ಕಿದ್ದು ನಮ್ಮ ಕೃತ್ಯಕ್ಕೆ ತಕ್ಕ ಶಿಕ್ಷೆ, ಇವರಾದರೋ ಏನೂ ತಪ್ಪು ಮಾಡಿಲ್ಲ ಎಂಬುದು ಅವನ ಸಾಕ್ಷಿ. ಒಂದೇ ಉಸಿರಿನಲ್ಲಿ ತನ್ನ ತಪ್ಪನ್ನು ಒಪ್ಪಿಕೊಂಡ, ತಪ್ಪು ಮಾಡದವರ ಮೇಲಿನ ತೀರ್ಪನ್ನು ಒಪ್ಪದೆ ನಿಂತ. ಸ್ವರ್ಗದ ವಾಗ್ದಾನ ಸಿಕ್ಕಿದ್ದು ಅವನಿಗೆ.

ಎದ್ದು ನಿಲ್ಲೋಣ. ಈ ಸಂಜೆ ಯಾವುದೋ ಬ್ಯಾರಕ್ಕಿನಲ್ಲಿ ಸವೆದ ಕಾಗದದ ಮೇಲೆ ಪೆನ್ಸಿಲ್ ಗೆರೆ ಎಳೆಯುತ್ತಿರುವವರಿಗಾಗಿ, ಅವರ ದಾರಿ ಕಾಯುವ ತಾಯಂದಿರಿಗಾಗಿ, ಕೊಲೆಯಾದವರ ಮನೆಗಳಿಗಾಗಿ, ಎರಡನೆಯ ಸಲವೂ ಶ್ರದ್ಧೆಯಿಂದ ಕಡತ ತೆರೆಯಬೇಕಾದ ನ್ಯಾಯಾಧೀಶರಿಗಾಗಿ ಪ್ರಾರ್ಥಿಸೋಣ. ಪ್ರಭುವೇ, ಕೇಳುವ ಕಿವಿಯನ್ನು ನಮಗೆ ದಯಪಾಲಿಸಿರಿ. ಆಮೆನ್.