*ಇಂದಿನ ಧಮ್ಮ ಚಿಂತನೆ: ಅವ್ವನ ಅಂಗಾಲು*



ಅವ್ವನ ಎಡ ಅಂಗಾಲಿನಲ್ಲಿ ಒಂದು ಕಪ್ಪು ಮಚ್ಚೆ. ಯಾವಾಗ ಬಂತೋ ಅವಳಿಗೇ ಗೊತ್ತಿಲ್ಲ. ತನ್ನ ಅಂಗಾಲನ್ನು ತಾನು ಯಾರು ನೋಡಿಕೊಳ್ಳುತ್ತಾರೆ?

ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರಮ್ಮ ಬೆಳಕಿರುವ ಭೂತಗನ್ನಡಿಯಂಥದ್ದನ್ನು ಮೊಬೈಲಿಗೆ ಜೋಡಿಸಿ, "ಕಾಲು ಮೇಲಿಡಿ ಅಮ್ಮಾ, ಫೋಟೊ ತೆಗೀತೀನಿ" ಅಂದರು. ಅವ್ವ ಕಾಲನ್ನು ಸೀರೆಯೊಳಕ್ಕೆ ಎಳೆದುಕೊಂಡಳು. "ನಿಮ್ ಮುಖದ ಮುಂದೆ ಕಾಲು ಎತ್ತೋದಾ? ನಮ್ ಕಾಲೇನು ಫೋಟೊ ತೆಗೆಯೋ ಅಂಥದ್ದಾ?"

ಆ ನಾಚಿಕೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ಮೇಲಿನ ಕೇರಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದ ಕಾಲು ಅದು.

ಆಮೇಲೆ ಕೇಳಿದಳು: "ಈ ಫೋಟೊ ಯಾರ್ಯಾರಿಗೆ ಹೋಗ್ತದೆ?" ನಾನು ಸುಮ್ಮನಿರಿಸಲು ಹೋದೆ. ಡಾಕ್ಟರಮ್ಮ ನನ್ನನ್ನೇ ತಡೆದರು. "ಕೇಳ್ಬೇಕಾದ್ದೇ ಕೇಳಿದ್ದಾರೆ. ಅಮ್ಮಾ, ಮುಖ ಬರಲ್ಲ, ಮಚ್ಚೆ ಮಾತ್ರ. ನಿಮ್ಮ ಫೈಲಲ್ಲಿರ್ತದೆ. ಬೇರೆ ಡಾಕ್ಟರಿಗೆ ತೋರಿಸೋದಾದ್ರೆ ನಿಮ್ಮನ್ನ ಕೇಳೇ ತೋರಿಸ್ತೀನಿ. ಬೇಡ ಅಂದ್ರೆ ಬೇಡ." ಅವ್ವ ಕಾಲು ಮೇಲಿಟ್ಟಳು.

ಪರದೆಯಲ್ಲಿ ತನ್ನ ಅಂಗಾಲನ್ನು ಮೊದಲ ಸಲ ನೋಡಿ, "ಉತ್ತ ಹೊಲ ಇದ್ದಂಗದೆ" ಅಂದಳು. ಡಾಕ್ಟರಮ್ಮ ನಕ್ಕು ವಿವರಿಸಿದರು: ಬಣ್ಣ ಸಾಲಿನ ತಗ್ಗಿನಲ್ಲಿದ್ದರೆ ಸಾಮಾನ್ಯವಾಗಿ ಭಯವಿಲ್ಲ, ದಿಬ್ಬದ ಮೇಲಿದ್ದರೆ ಸಂಶಯ. ಅವ್ವನದು ಹೆಚ್ಚಾಗಿ ತಗ್ಗಿನಲ್ಲಿದೆ. ಮೂರು ತಿಂಗಳಾದ ಮೇಲೆ ಇನ್ನೊಂದು ಫೋಟೊ ತೆಗೆದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಸಂಶಯ ಬಂದರೆ ಫೋಟೊ ಸಾಲದು, ಚರ್ಮದ ಚೂರು ತೆಗೆದು ಪರೀಕ್ಷಿಸಲೇಬೇಕು.

ಮೆಲನೋಮ ಎಂಬ ಈ ಚರ್ಮದ ಕ್ಯಾನ್ಸರ್ ಕಪ್ಪು ಮೈಬಣ್ಣದವರಲ್ಲಿ ಅಪರೂಪ. ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನಡಿ ಬರುತ್ತದೆ. ಅಲ್ಲಿ ಯಾರೂ ನೋಡುವುದಿಲ್ಲ, ತಡವಾಗುತ್ತದೆ. ಜಮೈಕಾದ ಹಾಡುಗಾರ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳಿನ ಉಗುರಿನಡಿ ಸಿಕ್ಕಿದ್ದು ಇದೇ. 1981ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 36 ವರ್ಷ.

ಬಂಧುಗಳೇ, ಕಾಯಾನುಪಸ್ಸನಾ ಕಲಿಸುವಾಗ ಭಗವಾನ್ ಬುದ್ಧರು ದೇಹವನ್ನು ಅಂಗಾಲಿನಿಂದ ನೆತ್ತಿಯವರೆಗೆ ನೋಡಲು ಹೇಳಿದರು. ಅಂಗಾಲು ಕೀಳೆಂದು ಬಿಡಲಿಲ್ಲ. ಯಾರೂ ಆರೈಕೆ ಮಾಡದೆ ತನ್ನ ಮಲದಲ್ಲೇ ಬಿದ್ದಿದ್ದ ರೋಗಿ ಭಿಕ್ಖುವನ್ನು ಆನಂದರ ಜೊತೆ ತಾವೇ ತೊಳೆದರು. ಧಮ್ಮದ ಒಂದು ಗುಣವೇ ಏಹಿಪಸ್ಸಿಕೊ, ಬಂದು ನೋಡು ಎನ್ನುವುದು. ಪಕ್ಕಪಕ್ಕ ಇಟ್ಟ ಆ ಎರಡು ಫೋಟೊ ಹೇಳುವುದೂ ಅನಿಚ್ಚವನ್ನೇ: ದೇಹ ಬದಲಾಗುತ್ತದೆ. ಬದಲಾದದ್ದನ್ನು ಹೆದರದೆ, ಮುಚ್ಚಿಡದೆ ನೋಡುವುದೇ ಸತಿ. ನಾಚಿಕೆ ನಮ್ಮ ಮೇಲೆ ಬೇರೆಯವರು ಹೊರಿಸಿದ್ದು, ಅದನ್ನು ಇಳಿಸಬೇಕು. ಪ್ರಶ್ನೆ ಕೇಳುವುದು ಬಾಬಾಸಾಹೇಬರು ಕಲಿಸಿದ್ದು, ಅದನ್ನು ಬಿಡಬಾರದು.

ಮುಂದಿನ ವಾರ ಎರಡನೇ ಫೋಟೊ. ಏನು ಕಾಣುವುದೋ ಗೊತ್ತಿಲ್ಲ. ನಿನ್ನೆ ರಾತ್ರಿ ಅವ್ವ ತಾನಾಗಿಯೇ ಕಾಲು ಚಾಚಿ, "ಬಲಗಾಲನ್ನೂ ಒಂದ್ಸಲ ನೋಡ್ಲಾ ಮಗ" ಅಂದಳು. ಟಾರ್ಚ್ ಹಿಡಿದು ನೋಡಿದೆ.

*ಇಂದಿನ ಅಭ್ಯಾಸ:* ಮನೆಯ ಹಿರಿಯರ ಅಂಗಾಲು, ಅಂಗೈ, ಉಗುರುಗಳನ್ನು ಬೆಳಕಿನಲ್ಲಿ ನೋಡಿ. ಹೊಸ ಮಚ್ಚೆಯೋ, ಬೆಳೆಯುತ್ತಿರುವ ಮಚ್ಚೆಯೋ ಕಂಡರೆ ಡಾಕ್ಟರಿಗೆ ತೋರಿಸಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್ 🙏